ನಲವತ್ತು ಓಮ್‌ನ ಜಗಳ

ಚಿಕ್ಕಪ್ಪ: (ಯಾರೋ ಕಳುಹಿಸಿದ ಚಿತ್ರ. 100 ವ್ಯಾಟ್, 230 ವೋಲ್ಟ್ ಎಂದು ಬರೆದ ಹಳೆಯ ಕಾಲದ ಬಲ್ಬು, ಅದಕ್ಕೆ ಹಿಡಿದ ಮೀಟರಿನಲ್ಲಿ 40 ಓಮ್.) "230ನ್ನು 40ರಿಂದ ಭಾಗಿಸಿ: 5.75 ಆಂಪಿಯರ್. ಅದನ್ನು 230ರಿಂದ ಗುಣಿಸಿ: 1322 ವ್ಯಾಟ್! 100 ಎಂದು ಬರೆದು ವಂಚಿಸುತ್ತಿದ್ದಾರೆ. ಎಲ್ಲ ಗುಂಪುಗಳಿಗೂ ತಲುಪಿಸಿ."

ಚಿಕ್ಕಪ್ಪ: ಲೆಕ್ಕವನ್ನು ನಾನೇ ಮತ್ತೊಮ್ಮೆ ಮಾಡಿದೆ. ತಪ್ಪಿಲ್ಲ.

ಅಕ್ಕ: ಗುಣಾಕಾರ, ಭಾಗಾಕಾರ ಎರಡೂ ಸರಿ ಚಿಕ್ಕಪ್ಪ. ಆದರೆ ಆ 40 ಓಮ್ ಆರಿದ ಬಲ್ಬಿನ ರೋಧ, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ. ಉರಿಯುವ ಬಲ್ಬಿನದು ಬೇಕಿದ್ದರೆ ಉರಿಯುತ್ತಿರುವಾಗಿನ ವೋಲ್ಟೇಜನ್ನು ಆಗ ಹರಿಯುವ ಕರೆಂಟಿನಿಂದ ಭಾಗಿಸಬೇಕು. 230 ವೋಲ್ಟ್, ಸುಮಾರು 0.43 ಆಂಪಿಯರ್. ರೋಧ 535 ಓಮ್. ಆ ವೋಲ್ಟೇಜನ್ನೂ ಕರೆಂಟನ್ನೂ ಗುಣಿಸಿದರೆ 99 ವ್ಯಾಟ್.

ಚಿಕ್ಕಪ್ಪ: ಒಂದೇ ಬಲ್ಬಿಗೆ ಎರಡೆರಡು ರೋಧವೇ? ಹಾಗಾದರೆ ಓಮ್ ಮಹಾಶಯನ ನಿಯಮ ಸುಳ್ಳೇ?

ಅಕ್ಕ: ವೋಲ್ಟೇಜ್ ಹೆಚ್ಚಿದಷ್ಟೇ ಪಟ್ಟು ಕರೆಂಟೂ ಹೆಚ್ಚುತ್ತದೆ ಎನ್ನುವ ಆ ನಿಯಮಕ್ಕೆ "ತಾಪ ಸ್ಥಿರವಾಗಿದ್ದಾಗ" ಎಂಬ ಬಾಲವಿದೆ. ಪರೀಕ್ಷೆ ಮುಗಿದ ಮೇಲೆ ಎಲ್ಲರೂ ಮರೆಯುವುದು ಅದನ್ನೇ. ಒಳಗಿನ ಟಂಗ್‌ಸ್ಟನ್ ತಂತಿ ಉರಿಯುವಾಗ ಸುಮಾರು 2500 ಡಿಗ್ರಿಗೆ ಕಾಯುತ್ತದೆ, ರೋಧ ಹತ್ತು ಪಟ್ಟಿಗಿಂತಲೂ ಹೆಚ್ಚಾಗುತ್ತದೆ.

ಚಿಕ್ಕಪ್ಪ: ಸ್ವಿಚ್ ಒತ್ತುವ ಹೊತ್ತಿಗೆ ತಂತಿ ತಣ್ಣಗೇ ಇರುತ್ತದಲ್ಲ? ಆಗ 5.75 ಹರಿಯಬೇಕಲ್ಲ?

ದೊಡ್ಡಪ್ಪ: ಹರಿಯುತ್ತದೆ ಕಣಪ್ಪ, ರೆಪ್ಪೆ ಬಡಿಯುವಷ್ಟು ಹೊತ್ತೂ ಅಲ್ಲ. ತಂತಿ ಕಾದ ಕೂಡಲೇ ಇಳಿಯುತ್ತದೆ. ನಾನು ವೈರಿಂಗ್ ಮಾಡುತ್ತಿದ್ದ ಕಾಲದಲ್ಲಿ ಸವೆದ ಬಲ್ಬುಗಳು ಟಪ್ ಎಂದು ಹೋಗುತ್ತಿದ್ದುದು ಹೆಚ್ಚಾಗಿ ಸ್ವಿಚ್ ಹಾಕಿದಾಗಲೇ.

ಚಿಕ್ಕಪ್ಪ: ನೋಡಿದಿರಾ! ನಾನು ಹೇಳಿದ್ದು ಸರಿ.

ಅಕ್ಕ: 😑

ನಾನು: ನನ್ನದೊಂದು ಪ್ರಶ್ನೆ. ಒಂದು ಸೂತ್ರದಲ್ಲಿ ಕರೆಂಟಿನ ವರ್ಗವನ್ನು ರೋಧದಿಂದ ಗುಣಿಸುತ್ತೇವೆ, ಇನ್ನೊಂದರಲ್ಲಿ ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸುತ್ತೇವೆ. ರೋಧ ಹೆಚ್ಚಿದರೆ ವ್ಯಾಟ್ ಏರುತ್ತದೆಯೋ ಇಳಿಯುತ್ತದೆಯೋ?

ಅಕ್ಕ: ಯಾವುದು ಬದಲಾಗದೆ ನಿಂತಿದೆ ಎಂದು ಮೊದಲು ನೋಡು. ಪ್ಲಗ್ಗಿನಲ್ಲಿ ವೋಲ್ಟೇಜ್ ಬದಲಾಗುವುದಿಲ್ಲ, ಹಾಗಾಗಿ ರೋಧ ಹೆಚ್ಚಿದರೆ ವ್ಯಾಟ್ ಇಳಿಯುತ್ತದೆ. 60 ಮತ್ತು 100 ವ್ಯಾಟಿನ ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿದರೆ ಎರಡರಲ್ಲೂ ಹರಿಯುವ ಕರೆಂಟ್ ಒಂದೇ. ಅಲ್ಲಿ ರೋಧ ಹೆಚ್ಚಿರುವ 60ರದೇ ಬೆಳಕು ಹೆಚ್ಚು.

ಚಿಕ್ಕಪ್ಪ: ವಿಷಯಾಂತರ ಬೇಡ. ಮೀಟರ್ ಹಿಡಿದು ವ್ಯಾಟ್ ಲೆಕ್ಕ ಹಾಕಲು ಬರುವುದೇ ಇಲ್ಲವೇ?

ದೊಡ್ಡಪ್ಪ: ಇಸ್ತ್ರಿ ಪೆಟ್ಟಿಗೆಗೆ ಬರುತ್ತದೆ. ಅದರೊಳಗಿನ ನೈಕ್ರೋಮ್ ತಂತಿಯ ರೋಧ ಕಾದರೂ ಹೆಚ್ಚೇನೂ ಬದಲಾಗುವುದಿಲ್ಲ. ನಿನ್ನದು 1000 ವ್ಯಾಟಿನದಲ್ಲವೇ? ಪ್ಲಗ್ ಕಿತ್ತು, ಅದರ ಎರಡು ಕಡ್ಡಿಗಳಿಗೆ ಮೀಟರ್ ಹಿಡಿ. 53ರ ಆಸುಪಾಸು ಬರಬೇಕು.

(ಹತ್ತು ನಿಮಿಷ ಗುಂಪು ತಣ್ಣಗಿತ್ತು.)

ಚಿಕ್ಕಪ್ಪ: ಮೀಟರ್ ಏನನ್ನೂ ತೋರಿಸುತ್ತಿಲ್ಲ. ನಿಮ್ಮ ನೈಕ್ರೋಮ್ ಕೂಡ ಸುಳ್ಳು.

ದೊಡ್ಡಪ್ಪ: ಮೇಲಿನ ಗುಂಡಿ ತಿರುಗಿಸಿದ್ದೀಯಾ? ಅದು ಆಫ್‌ನಲ್ಲಿದ್ದರೆ ಮಂಡಲ ಪೂರ್ತಿಯಾಗುವುದಿಲ್ಲ.

ಚಿಕ್ಕಪ್ಪ: 52 ಬಂತು.

ಅಕ್ಕ: 230ರ ವರ್ಗ 52,900. 52ರಿಂದ ಭಾಗಿಸಿದರೆ 1017 ವ್ಯಾಟ್.

ನಾನು: ಚಿಕ್ಕಪ್ಪ, ಆ ಬಲ್ಬಿನ ಚಿತ್ರವನ್ನು ಇನ್ನಾದರೂ ಅಳಿಸುತ್ತೀರಾ?

ಚಿಕ್ಕಪ್ಪ: ಏಕೆ ಅಳಿಸಲಿ? "ಸ್ವಿಚ್ ಹಾಕಿದ ಮೊದಲ ಕ್ಷಣಕ್ಕೆ ಮಾತ್ರ" ಎಂದು ಕೆಳಗೆ ಸೇರಿಸಿ ಇನ್ನೊಮ್ಮೆ ಕಳುಹಿಸುತ್ತೇನೆ.

ಚಿಕ್ಕಮ್ಮ: ಕಳುಹಿಸುವ ಮೊದಲು ಪೆಟ್ಟಿಗೆ ತಂದು ಕೊಡಿ. ಅರ್ಧ ಇಸ್ತ್ರಿಯಾದ ಅಂಗಿ ಹಾಗೆಯೇ ಬಿದ್ದಿದೆ.