ಸಿ ಭಾಷೆಯ ಅರೇ (array) ಪಾಠ ಎಲ್ಲಿಂದ ಶುರು ಮಾಡೋದು?

ಪ್ರಶ್ನೆ:
ಹೊಸಬರಿಗೆ ಸಿ ಪ್ರೋಗ್ರಾಮಿಂಗ್ ಭಾಷೆ ಹೇಳಿಕೊಡ್ತಿದ್ದೇನೆ. ಲೂಪ್‌ವರೆಗೆ (ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸೋದು) ಎಲ್ಲರೂ ಚೆನ್ನಾಗಿಯೇ ಬಂದರು, ಅರೇ (ಒಂದೇ ಹೆಸರಿನಡಿ ಸಾಲಾಗಿ ಇಟ್ಟ ಬೆಲೆಗಳು) ಬಂದ ಕೂಡಲೇ ತಡವರಿಸ್ತಿದ್ದಾರೆ. ಎ ಅನ್ನೋ ಅರೇಯ ಎ[3] ಅಂದರೆ ಮೂರನೆಯದು ಅಂತಾರೆ, ಕೆಲವರು ಅದರ ಬೆಲೆಯೇ 3 ಅಂತಾರೆ. ವ್ಯಾಖ್ಯೆ ಕೇಳಿದರೆ ಮಾತ್ರ ಬಾಯಿಪಾಠ ಒಪ್ಪಿಸ್ತಾರೆ. ನೀವೆಲ್ಲ ಹೇಗೆ ಶುರು ಮಾಡ್ತೀರಿ?

ಉತ್ತರ 1:
ವ್ಯಾಖ್ಯೆ ಕೊನೆಗಿರಲಿ. ಅರೇ ಇಲ್ಲದೆ ಕೈಕಟ್ಟಿ ಹೋಗುವ ಲೆಕ್ಕವೊಂದನ್ನು ಮೊದಲು ಕೊಡಿ. ಬಹಳ ಜನ ಐದು ಅಂಕಗಳ ಮೊತ್ತ ಹಾಕಿಸ್ತಾರೆ. ಅದು ನನಗೆ ಸರಿ ಕಾಣಲ್ಲ. ಮೊತ್ತಕ್ಕೆ ಒಂದು ಲೂಪ್, ಅಂಕ ಓದೋಕೆ ಒಂದು ವೇರಿಯಬಲ್ (ಬೆಲೆ ಇಡೋ ಹೆಸರಿನ ಜಾಗ), ಕೂಡಿಡೋಕೆ ಇನ್ನೊಂದು ಸಾಕು, ಅರೇ ಯಾಕೆ ಬೇಕು ಅನ್ನೋದೇ ಅವರಿಗೆ ಹೊಳೆಯಲ್ಲ.

ನಾನು ಕೇಳೋದು ಇದು: ಸರಾಸರಿಗಿಂತ ಹೆಚ್ಚಿನ ಅಂಕಗಳು ಎಷ್ಟಿವೆ? 72, 45, 88, 60, 35 ಅಂತಿಟ್ಟುಕೊಳ್ಳಿ. ಮೊತ್ತ 300, ಸರಾಸರಿ 60. ಆದರೆ 60 ಅಂತ ಗೊತ್ತಾಗೋ ಹೊತ್ತಿಗೆ ಅಂಕ ಓದಿದ ವೇರಿಯಬಲ್‌ನಲ್ಲಿ ಉಳಿದಿರೋದು 35 ಮಾತ್ರ. ಮತ್ತೆ ಹೋಲಿಸಬೇಕಾದ 72, 88 ಎಲ್ಲಿ? ಆಗ ಅವರೇ ಐದು ವೇರಿಯಬಲ್ ಬರೀತಾರೆ. ಬರೀಲಿ ಬಿಡಿ. ಆಮೇಲೆ ಐದನ್ನು ಐನೂರು ಮಾಡಿ. ಅಲ್ಲಿಗೆ ಅರೇ ಬೇಕು ಅಂತ ಅವರಿಗೇ ಅನ್ನಿಸುತ್ತೆ.

ಇಂಡೆಕ್ಸ್ (ಚೌಕದ ಜಾಗ ಹೇಳೋ ಸಂಖ್ಯೆ) ವಿಷಯಕ್ಕೆ ಬೋರ್ಡ್ ಮೇಲೆ ಐದು ಚೌಕ ಬರೆದು, ಒಳಗೆ ಅಂಕ, ಕೆಳಗೆ ಬೇರೆ ಬಣ್ಣದಲ್ಲಿ 0ಯಿಂದ 4 ಹಾಕಿ. ಎ[3] ಅಂದರೆ ಮೊದಲಿಂದ ಮೂರು ಚೌಕ ದಾಟಿ ನಿಂತ ಜಾಗ, ಅಂದರೆ ನಾಲ್ಕನೆಯದು, 60. ಇಂಟ್‌ಗೆ (ಪೂರ್ಣಾಂಕಕ್ಕೆ) 4 ಬೈಟ್ ಇದ್ದು, ಅರೇ ಮೆಮೊರಿಯ 1000ನೇ ವಿಳಾಸದಲ್ಲಿ ಶುರುವಾದರೆ ಎ[3] ಇರೋದು 1000 + 3×4, 1012ರಲ್ಲಿ. ಸೊನ್ನೆಯಿಂದ ಎಣಿಸೋದು ಯಾಕೆ ಅಂತ ಇಲ್ಲೇ ಅರ್ಥವಾಗುತ್ತೆ.

ಉತ್ತರ 2:
ವಿಳಾಸದ ಲೆಕ್ಕ ಮೊದಲ ದಿನಕ್ಕೆ ಭಾರ ಅನ್ನಿಸುತ್ತೆ, ಚೌಕಗಳೇ ಸಾಕು. ಆದರೆ ಲೂಪ್‌ನಲ್ಲಿ ಐ < 5 ಬದಲು ಐ <= 5 ಬರೆದರೆ ಏನಾಗುತ್ತೆ ಅನ್ನೋದನ್ನು ಅವತ್ತೇ ಹೇಳಿ. ಐ 5 ಆದಾಗ ಇಲ್ಲದ ಎ[5]ಕ್ಕೆ ಕೈ ಹಾಕಿದಂತೆ. ಜಾವಾ ಭಾಷೆ ಆದರೆ ಓಡುವಾಗಲೇ ಎಕ್ಸೆಪ್ಷನ್ (ತಪ್ಪಿನ ಸೂಚನೆ) ಎಸೆಯುತ್ತೆ. ಸಿ ಆ ಗಡಿ ನೋಡೋದೇ ಇಲ್ಲ. ಕಸ ಬರಬಹುದು, ಕ್ರ್ಯಾಶ್ ಆಗಬಹುದು, ಸರಿಯಿರುವಂತೆಯೂ ಕಾಣಬಹುದು. ಆ ಮೂರನೆಯದಕ್ಕೇ ನನಗೆ ಭಯ.

ಪ್ರಶ್ನೆ ಕೇಳಿದವರು:
ಸರಾಸರಿ ಲೆಕ್ಕ ತುಂಬ ಹಿಡಿಸಿತು, ನಾಳೆಯೇ ಕೊಡ್ತೇನೆ. ಬೆಲೆ, ಇಂಡೆಕ್ಸ್ ಕಲಸಿಕೊಳ್ಳೋದು ಅದರಿಂದ ಹೋಗುತ್ತಾ?

ಉತ್ತರ 1:
ಪೂರ್ತಿ ಹೋಗಲ್ಲ. ಅದಕ್ಕೆ ಅತಿ ದೊಡ್ಡ ಅಂಕವನ್ನೂ ಅದಿರುವ ಜಾಗವನ್ನೂ ಒಟ್ಟಿಗೆ ಮುದ್ರಿಸೋಕೆ ಹೇಳಿ. ಕಾಗದದಲ್ಲಿ ಐ ಒಂದು ಕಾಲಂ, ಎ[ಐ] ಇನ್ನೊಂದು ಕಾಲಂ ಮಾಡಿಸಿ, ಲೂಪಿನ ಪ್ರತಿ ಸುತ್ತನ್ನೂ ಕೈಯಲ್ಲಿ ತುಂಬಿಸಿ. ಉತ್ತರ 88, ಇಂಡೆಕ್ಸ್ 2 ಬರಬೇಕು. ಕಂಪ್ಯೂಟರ್ ಮುಟ್ಟೋದು ಅದಾದ ಮೇಲೆ.