ಚಳಿಗೆ ಬೆರಳು ಬೆಳ್ಳಗಾಗುವುದೇಕೆ? ಡಾಕ್ಟರ್ ಉತ್ತರ

ಪ್ರಶ್ನೆ (ಮೂಡಿಗೆರೆ): ಡಾಕ್ಟ್ರೇ, ನಮ್ಮ ಮನೆಯವಳಿಗೆ 26 ವರ್ಷ. ಕಾಫಿ ಕುಯ್ಲಿನ ಸಮಯದಲ್ಲಿ ಬೆಳಿಗ್ಗೆ ಇಬ್ಬನಿ ತಾಗಿದರೆ ಎರಡೂ ಕೈಯ ಬೆರಳು ಸುಣ್ಣ ಬಳಿದಂತೆ ಬೆಳ್ಳಗಾಗಿ, ಆಮೇಲೆ ನೀಲಿಗಟ್ಟಿ, ಕೊನೆಗೆ ಕೆಂಪಾಗಿ ಉರಿಯುತ್ತವೆ. ಜ್ವರ ನೋಡಿದರೆ ಮೈ ಕಾವು ಸರಿಯಾಗೇ ಇದೆ. ಏನಿದು?

ಉತ್ತರ: ಈ ಮೂರು ಬಣ್ಣ ಹೀಗೆ ಒಂದರ ಹಿಂದೊಂದು ಬಂದರೆ ಬಹುಮಟ್ಟಿಗೆ ಅದು ರೇನೋ (ರೇನಾಡ್ ಎಂದೂ ಹೇಳುತ್ತಾರೆ) ತೊಂದರೆ. ಫ್ರಾನ್ಸಿನ ವೈದ್ಯ ಮೋರಿಸ್ ರೇನೋ 1862ರಲ್ಲೇ ಇದನ್ನು ವಿವರಿಸಿದ್ದಾರೆ. ಚಳಿಯಾದಾಗ ಒಳಗಿನ 37 ಡಿಗ್ರಿ ಕಾವು ಉಳಿಸಿಕೊಳ್ಳಲು ದೇಹ ಚರ್ಮದ ರಕ್ತನಾಳಗಳನ್ನು ಕಿರಿದು ಮಾಡುತ್ತದೆ. ಅದು ಎಲ್ಲರಲ್ಲೂ ಆಗುವುದೇ. ಇವರಲ್ಲಿ ಬೆರಳಿನ ಸಣ್ಣ ನಾಳಗಳು ಅತಿಯಾಗಿ ಬಿಗಿದು ರಕ್ತವೇ ನಿಲ್ಲುತ್ತದೆ, ಅದಕ್ಕೇ ಬಿಳಿ. ಉಳಿದ ರಕ್ತದ ಆಮ್ಲಜನಕ ಮುಗಿದಾಗ ನೀಲಿ, ನಾಳ ತೆರೆದು ರಕ್ತ ನುಗ್ಗಿದಾಗ ಕೆಂಪು. ಥರ್ಮಾಮೀಟರ್ ನೋಡುವುದು ಒಳಗಿನ ಕಾವನ್ನು, ಬೆರಳಿನದನ್ನಲ್ಲ.

ಕೈಗವಸಿಗಿಂತ ಮೊದಲು ಸ್ವೆಟರ್, ತಲೆಗೆ ಸ್ಕಾರ್ಫ್ ಹಾಕಿಸಿ. ಎದೆ ಬೆನ್ನು ತಣ್ಣಗಾದರೂ ಬೆರಳಿನ ನಾಳ ಬಿಗಿಯುತ್ತದೆ, ಜನ ಇದನ್ನೇ ಮರೆಯುವುದು. ಮನೆಯಿಂದ ಹೊರಡುವ ಮೊದಲೇ ಕೈ ಬೆಚ್ಚಗಿರಬೇಕು. ಒಳಗೆ ಹತ್ತಿಯ ಗ್ಲೌಸ್, ಮೇಲೆ ರಬ್ಬರ್. ಹತ್ತಿಯದು ಒದ್ದೆಯಾದರೆ ತಕ್ಷಣ ಬದಲಿಸಲು ಇನ್ನೊಂದು ಜೊತೆ ಬುಟ್ಟಿಯಲ್ಲಿರಲಿ. ಸಾಧ್ಯವಾದರೆ ಇಬ್ಬನಿ ಆರಿದ ಮೇಲೆ ಕುಯ್ಲಿಗಿಳಿಯಲಿ.

ಮರುಪ್ರಶ್ನೆ: ಬೆಳ್ಳಗಾದಾಗ ಹಂಡೆ ಒಲೆ ಮುಂದೆ ಕೈ ಕಾಯಿಸಬಹುದಾ ಸಾರ್?

ಉತ್ತರ: ಖಂಡಿತ ಬೇಡ. ಜೋಮು ಹಿಡಿದ ಬೆರಳಿಗೆ ಸುಟ್ಟದ್ದು ಗೊತ್ತಾಗುವುದಿಲ್ಲ, ಬೊಬ್ಬೆ ಎದ್ದ ಮೇಲೇ ತಿಳಿಯುವುದು. ಕೈಯನ್ನು ಕಂಕುಳಲ್ಲಿ ಇಟ್ಟುಕೊಳ್ಳಲಿ, ಇಲ್ಲವೇ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಲಿ. ನೀರಿನ ಬಿಸಿಯನ್ನು ಬೇರೆಯವರು ನೋಡಿ ಕೊಡಿ. ಸಾಮಾನ್ಯವಾಗಿ 15–20 ನಿಮಿಷದಲ್ಲಿ ಬಣ್ಣ ಮರಳುತ್ತದೆ. ಮರಳದೆ ಉಳಿದರೆ, ಬೆರಳ ತುದಿಯಲ್ಲಿ ಹುಣ್ಣು ಅಥವಾ ಕಪ್ಪು ಕಂಡರೆ ಅಂದೇ ಆಸ್ಪತ್ರೆಗೆ ಬನ್ನಿ.

ಮೈಗ್ರೇನಿಗೆ ಪ್ರೊಪ್ರನೊಲಾಲ್, ನೆಗಡಿಗೆ ಮೂಗು ಬಿಡಿಸುವ ಮಾತ್ರೆ ತಗೋತಾರಾ ಕೇಳಿ. ಎರಡೂ ಇದನ್ನು ಹೆಚ್ಚಿಸಬಹುದು. ಆದರೆ ನೀವಾಗಿಯೇ ಪ್ರೊಪ್ರನೊಲಾಲ್ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನು ಕೇಳಿ. ಈ ವಯಸ್ಸಿನಲ್ಲಿ, ಎರಡೂ ಕೈಗೆ ಸಮನಾಗಿ ಬಂದರೆ ಹೆಚ್ಚಾಗಿ ಅಪಾಯವಿಲ್ಲದ್ದೇ. ಆದರೂ ಒಮ್ಮೆ ಎಎನ್‌ಎ ರಕ್ತಪರೀಕ್ಷೆ (ರೋಗನಿರೋಧಕ ಶಕ್ತಿ ನಮ್ಮ ದೇಹದ ಮೇಲೇ ತಿರುಗಿದೆಯೇ ಎಂದು ನೋಡುವುದು), ಥೈರಾಯ್ಡ್ ಮಾಡಿಸಿ, ಅಲ್ಲಿನ ಸಣ್ಣ ರಕ್ತನಾಳ ನೋಡಲು ಉಗುರಿನ ಬುಡ ತೋರಿಸಿ. ಬೆರಳ ಚರ್ಮ ಬಿಗಿಯುತ್ತಿದ್ದರೆ, ಕೀಲು ನೋವಿದ್ದರೆ ತಡಮಾಡಬೇಡಿ. ಬೆಚ್ಚಗಿಟ್ಟರೂ ನಿಲ್ಲದಿದ್ದರೆ ರಕ್ತನಾಳ ಸಡಿಲಿಸುವ ಅಮ್ಲೋಡಿಪಿನ್ ಅಥವಾ ನಿಫೆಡಿಪಿನ್ ಮಾತ್ರೆ ಕೊಡುತ್ತೇವೆ. ತಲೆನೋವು, ಪಾದದ ಊತ ಬರಬಹುದು. ಬಸುರಿಯಾಗಿದ್ದರೆ ಮೊದಲೇ ಹೇಳಿ.

ಇನ್ನೊಬ್ಬರ ಪ್ರಶ್ನೆ (ಸಕಲೇಶಪುರ): ನನಗೆ 44. ಬಲಗೈಯ ಎರಡು ಬೆರಳು ಮಾತ್ರ ಬೆಳ್ಳಗಾಗುತ್ತವೆ. ತೋಟದಲ್ಲಿ ದಿನವಿಡೀ ವೀಡ್ ಕಟರ್ ಹಿಡೀತೀನಿ, ಬೀಡಿ ಸೇದುತ್ತೇನೆ. ಇದೂ ಅದೇನಾ?

ಉತ್ತರ: ಬೆಳ್ಳಗಾಗುವುದು ಒಂದೇ, ಕಾರಣ ಬೇರೆ. ಮೆಷಿನ್ ನಡುಕ ವರ್ಷಗಟ್ಟಲೆ ತಾಗಿ ಬೆರಳಿನ ನಾಳ, ನರ ಎರಡೂ ಹಾಳಾಗುತ್ತವೆ. ಅಂಗಿಯ ಗುಂಡಿ ಹಾಕಲು ಬೆರಳಿಗೆ ಸ್ಪರ್ಶ ಸಿಗದಿದ್ದರೆ ನರಕ್ಕೂ ತಟ್ಟಿದೆ ಎಂದೇ ತಿಳಿಯಿರಿ, ಅದು ಸುಲಭಕ್ಕೆ ಮರಳುವುದಿಲ್ಲ. ಸದ್ಯ ಮೆಷಿನ್ ಬೇರೆಯವರಿಗೆ ಕೊಡಿ. ನಿಮ್ಮ ವಯಸ್ಸಿಗೆ, ಒಂದೇ ಕೈಗೆ ಬಂದದ್ದಕ್ಕೆ ತೋಳಿನ ರಕ್ತನಾಳದ ಡಾಪ್ಲರ್ (ರಕ್ತದ ಹರಿವು ನೋಡುವ ಸ್ಕ್ಯಾನ್) ಕೂಡ ಆಗಬೇಕು. ಬೀಡಿ ಇವತ್ತೇ ಬಿಡಿ. ನಾಳ ಬಿಗಿಯುವ ನಿಕೊಟಿನ್ ಒಳಗೆ ಹೋಗುತ್ತಿರುವಾಗ ನಾನು ಕೊಡುವ ಮಾತ್ರೆ ಸರಿಯಾಗಿ ಕೆಲಸ ಮಾಡದು. ಬರುವಾಗ ಬೆರಳು ಬೆಳ್ಳಗಾದ ಸಮಯದ ಫೋಟೋ ಮೊಬೈಲಿನಲ್ಲಿ ತೆಗೆದು ತನ್ನಿ, ಆಸ್ಪತ್ರೆಗೆ ಬರುವಷ್ಟರಲ್ಲಿ ಬಣ್ಣ ಹೋಗಿರುತ್ತದೆ.