ಹೊಸ ಸೈಕಲ್: ಎಡ ಪೆಡಲ್ ಕೂರುತ್ತಿಲ್ಲ, ಕ್ರ್ಯಾಂಕೂ ಸ್ವಲ್ಪ ಅಲ್ಲಾಡುತ್ತಿದೆ

ಭೂತನಾಳ ಸವಾರಿ (ವಿಜಯಪುರ):

ಮಗಳಿಗೆ ಗೇರ್ ಸೈಕಲ್ ತರಿಸಿದ್ದೇನೆ, ಡಬ್ಬದಲ್ಲಿ ಬಂತು. ಹ್ಯಾಂಡಲ್, ಸೀಟು, ಮುಂದಿನ ಗಾಲಿ ಎಲ್ಲ ಕೂರಿಸಿದ್ದಾಯಿತು. ಬಲಗಡೆ ಪೆಡಲ್ ಸಲೀಸಾಗಿ ಹೋಯಿತು. ಎಡಗಡೆಯದು ಅರ್ಧ ಸುತ್ತೂ ಹಿಡಿಯುತ್ತಿಲ್ಲ. ಪಕ್ಕದ ಮನೆಯವರು ನೋಡಿ, ಹೊಸ ಮಾಲು ಅಲ್ವಾ, ಬಿಗಿ ಇರುತ್ತದೆ, ಪಾನಾ ಹಾಕಿ ಜೋರಾಗಿ ತಿರುಗಿಸಿ ಅಂದರು. ನನಗೆ ಯಾಕೋ ಮನಸ್ಸು ಬರಲಿಲ್ಲ, ಹಾಗೇ ಬಿಟ್ಟಿದ್ದೇನೆ. ಜೊತೆಗೆ ಬಂದ ಪುಸ್ತಕದಲ್ಲಿ ಬರೀ ಚಿತ್ರಗಳು, ಏನೂ ತಿಳಿಯುತ್ತಿಲ್ಲ.

ಇನ್ನೊಂದು, ಎಡ ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಹಿಡಿದು ಅಲುಗಿಸಿದರೆ ಸ್ವಲ್ಪ ಆಡುತ್ತದೆ. ಹೊಸದರಲ್ಲೇ ಹೀಗಿರಬಹುದಾ? ಪೆಡಲ್ ಹೇಗೋ ಸಿಕ್ಕಿಸಿಕೊಂಡು ಸ್ಟೇಷನ್ ರೋಡ್ ಕಡೆಯ ಅಂಗಡಿವರೆಗೆ ನಿಧಾನಕ್ಕೆ ಓಡಿಸಿಕೊಂಡು ಹೋದರೆ ನಡೆಯುತ್ತದಾ? ಮಗಳು ಭೂತನಾಳ ಕೆರೆವರೆಗೆ ಹೋಗಬೇಕು ಅಂತ ದಿನಾ ಕೇಳುತ್ತಿದ್ದಾಳೆ.

ಉದ್ಯಮಬಾಗ್ ಫಿಟ್ಟರ್ (ಬೆಳಗಾವಿ):

ಪಾನಾ ಹಾಕದೇ ಬಿಟ್ಟಿದ್ದು ಬಹಳ ಒಳ್ಳೆಯದಾಯಿತು. ಎಡ ಪೆಡಲ್‌ಗೆ ಉಲ್ಟಾ ಥ್ರೆಡ್ ಇರುತ್ತದೆ. ಬಲಗಡೆಯಂತೆ ತಿರುಗಿಸಿದರೆ ಅದು ಯಾವತ್ತೂ ಹಿಡಿಯುವುದಿಲ್ಲ. ಜೋರು ಮಾಡಿದ್ದರೆ ಪೆಡಲ್‌ಗೆ ಏನೂ ಆಗುತ್ತಿರಲಿಲ್ಲ, ಅದರ ಆಕ್ಸಲ್ ಉಕ್ಕಿನದು. ಹಾಳಾಗುತ್ತಿದ್ದದ್ದು ಕ್ರ್ಯಾಂಕ್, ಯಾಕೆಂದರೆ ಅದು ಅಲ್ಯೂಮಿನಿಯಂ.

ಮೊದಲು ಎರಡೂ ಆಕ್ಸಲ್‌ಗಳ ತುದಿ ನೋಡಿ, ಎಲ್ ಮತ್ತು ಆರ್ ಅಂತ ಕೊರೆದಿರುತ್ತಾರೆ. ಅಕ್ಷರ ಕಾಣದಿದ್ದರೆ ತುದಿ ಮೇಲೆ ಮಾಡಿ ಹಿಡಿದು ಥ್ರೆಡ್ ನೋಡಿ. ಗೆರೆ ಬಲಕ್ಕೆ ಏರುತ್ತಿದ್ದರೆ ಬಲದ್ದು, ಎಡಕ್ಕೆ ಏರುತ್ತಿದ್ದರೆ ಎಡದ್ದು.

ಆಮೇಲೆ ಥ್ರೆಡ್‌ಗೆ ಗ್ರೀಸ್ ಸವರಿ. ಪಾನಾ ದೂರ ಇಡಿ. ಎಡ ಪೆಡಲ್ ಅನ್ನು ತೂತಿಗೆ ನೇರವಾಗಿ ಹಿಡಿದು, ಬೆರಳಲ್ಲೇ, ಮೊದಲು ಬಿಚ್ಚುವ ದಿಕ್ಕಿಗೆ ನಿಧಾನ ತಿರುಗಿಸಿ. ಒಂದು ಕಡೆ ಟಕ್ ಅಂತ ಸಣ್ಣಗೆ ಕೆಳಗೆ ಕೂತದ್ದು ಕೈಗೆ ಗೊತ್ತಾಗುತ್ತದೆ. ಅಲ್ಲಿ ನಿಲ್ಲಿಸಿ ಬಿಗಿಯುವ ದಿಕ್ಕಿಗೆ ತಿರುಗಿಸಿ. ಮೂರು ನಾಲ್ಕು ಸುತ್ತು ಬೆರಳಲ್ಲೇ ಹೋಗಬೇಕು. ನಡುವೆ ಗಟ್ಟಿ ಅನಿಸಿದರೆ, ಇಲ್ಲಾ ಬೆಳ್ಳಗೆ ಮಿನುಗುವ ಪುಡಿ ಕಂಡರೆ, ಥ್ರೆಡ್ ಅಡ್ಡ ಹಿಡಿದಿದೆ ಅಂತ ಅರ್ಥ. ತಕ್ಷಣ ವಾಪಸ್ ತೆಗೆಯಿರಿ.

ಗಡಿಯಾರದ ದಿಕ್ಕು, ವಿರುದ್ಧ ದಿಕ್ಕು ಅಂತ ನೆನಪಿಡಬೇಡಿ, ಒಳಗಿನಿಂದ ಅಲೆನ್ ಕೀ (ಆರು ಮೂಲೆಯ ಬಾಗಿದ ಕೀ) ಹಾಕಿದಾಗ ತಲೆ ಕೆಡುತ್ತದೆ. ಪಾನಾದ ಹಿಡಿ ಮೇಲಕ್ಕಿರಲಿ. ಮುಂದಿನ ಗಾಲಿ ಕಡೆ ಒತ್ತಿದರೆ ಬಿಗಿ, ಹಿಂದಿನ ಗಾಲಿ ಕಡೆ ಒತ್ತಿದರೆ ಸಡಿಲ. ಎರಡೂ ಪೆಡಲ್‌ಗೆ ಇದೇ ಲೆಕ್ಕ.

ಉಲ್ಟಾ ಯಾಕೆ ಅಂತ ಮಗಳು ಕೇಳಬಹುದು. ತುಳಿಯುವಾಗ ನಮ್ಮ ಭಾರ ಆಕ್ಸಲ್ ಸುತ್ತ ಸುತ್ತುತ್ತಲೇ ಇರುತ್ತದೆ. ತೂತಿನೊಳಗೆ ಕೂದಲೆಳೆಯಷ್ಟು ಜಾಗ ಇದ್ದೇ ಇರುತ್ತದೆ, ಆ ಜಾಗದಲ್ಲಿ ಆಕ್ಸಲ್ ಹೊರಳುತ್ತಾ ಹೊರಳುತ್ತಾ ಒಂದು ದಿಕ್ಕಿಗೆ ತಿರುಗಿಕೊಳ್ಳುತ್ತದೆ. ಎಡಗಡೆಯೂ ಸಾದಾ ಥ್ರೆಡ್ ಇಟ್ಟರೆ ಪೆಡಲ್ ತಾನೇ ಬಿಚ್ಚಿಕೊಂಡು ಬರುತ್ತದೆ. ವಿಮಾನ ಮಾಡಿದ ರೈಟ್ ಸಹೋದರರು ಮೊದಲು ಸೈಕಲ್ ಅಂಗಡಿಯವರೇ ಅಲ್ವಾ, ಅವರು 1900ರಲ್ಲಿ ಬಿಚ್ಚಿಕೊಳ್ಳದ ಪೆಡಲ್ ಅಂತಲೇ ಇದನ್ನು ಪ್ರಚಾರ ಮಾಡಿದ್ದರು.

ಕೃಷ್ಣಾ ತೀರ (ಜಮಖಂಡಿ):

ಅಂಗಡಿವರೆಗೂ ಓಡಿಸಬೇಡಿ. ತಳ್ಳಿಕೊಂಡು ಹೋಗಿ, ಇಲ್ಲಾ ಆಟೋದಲ್ಲಿ ಹಾಕಿಕೊಂಡು ಹೋಗಿ. ಆಡುತ್ತಿರುವ ಕ್ರ್ಯಾಂಕ್ ಮೇಲೆ ಒಂದೆರಡು ಕಿಲೋಮೀಟರ್ ತುಳಿದರೂ ಸಾಕು, ಅದರ ಚೌಕ ತೂತಿನ ಮೂಲೆಗಳು ಸವೆದು ದುಂಡಗಾಗಬಹುದು. ಆಮೇಲೆ ಎಷ್ಟು ಬಿಗಿ ಮಾಡಿದರೂ ನಿಲ್ಲುವುದಿಲ್ಲ, ಹೊಸ ಕ್ರ್ಯಾಂಕ್ ತರಬೇಕು.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಎರಡು ಕೈಯಲ್ಲಿ ಎರಡೂ ಕ್ರ್ಯಾಂಕ್ ಹಿಡಿದು ಅಡ್ಡಕ್ಕೆ ಅಲುಗಿಸಿ. ಎಡದ್ದು ಮಾತ್ರ ಆಡಿದರೆ ಅದರ ಬೋಲ್ಟ್ ಸಡಿಲ. ಎರಡೂ ಒಟ್ಟಿಗೆ ಆಡಿದರೆ ದೋಷ ನಡುವಿನ ಬಾಟಮ್ ಬ್ರಾಕೆಟ್‌ನಲ್ಲಿ (ಎರಡೂ ಕ್ರ್ಯಾಂಕ್ ಕೂರುವ ಚೌಕ ತುದಿಯ ಆಕ್ಸಲ್, ಅದರ ಬೇರಿಂಗ್), ಅದು ಅಂಗಡಿಯ ಕೆಲಸ.

ಇನ್ನೊಂದು ಮಾತು. ನಮ್ಮ ಕಡೆ ಹಳೇ ಕರಿ ಸೈಕಲ್‌ಗಳಲ್ಲಿ ಕ್ರ್ಯಾಂಕ್ ನಿಲ್ಲಿಸಲು ಅಡ್ಡಕ್ಕೆ ಕಾಟರ್ ಪಿನ್ ಇರುತ್ತಿತ್ತು, ಸುತ್ತಿಗೆಯಲ್ಲಿ ಹೊಡೆದೇ ಕೂರಿಸುತ್ತಿದ್ದರು. ಆ ಅಭ್ಯಾಸದ ಕೈಗಳು ಇನ್ನೂ ಇವೆ. ಈ ಸೈಕಲ್‌ಗೆ ಸುತ್ತಿಗೆ ತಾಗಿಸಲು ಬಿಡಬೇಡಿ. ಕ್ರ್ಯಾಂಕ್ ತೆಗೆಯಲು ಪುಲ್ಲರ್ ಅನ್ನುವ, ಎಳೆದು ತೆಗೆಯುವ ಸಾಧನ ಬೇಕು, ಅದನ್ನೂ ಪೂರ್ತಿ ಒಳಗೆ ತಿರುಗಿಸಿದ ಮೇಲೆಯೇ ಒತ್ತಬೇಕು, ಅರ್ಧಕ್ಕೇ ಒತ್ತಿದರೆ ಅಲ್ಲಿನ ಥ್ರೆಡ್ ಕಿತ್ತುಕೊಂಡು ಬರುತ್ತದೆ. ನಿಮ್ಮೂರಲ್ಲಿ ರೇಸ್ ಸೈಕಲ್ ಹುಡುಗರು ಬಹಳ ಇದ್ದಾರೆ. ಅವರು ಯಾರ ಹತ್ತಿರ ಹೋಗುತ್ತಾರೋ ಕೇಳಿ, ಅಲ್ಲಿಗೇ ಹೋಗಿ.

ಭೂತನಾಳ ಸವಾರಿ (ವಿಜಯಪುರ):

ಎಲ್ಲರಿಗೂ ಧನ್ಯವಾದ. ಎಲ್ ಅಕ್ಷರ ಸಿಕ್ಕಿತು, ಗ್ರೀಸ್ ಹಚ್ಚಿ ಹಿಂದಕ್ಕೆ ತಿರುಗಿಸಿದೆ, ನೀವು ಹೇಳಿದ ಟಕ್ ಕೂಡ ಗೊತ್ತಾಯಿತು. ಈಗ ಬೆರಳಲ್ಲೇ ಪೂರ್ತಿ ಒಳಗೆ ಹೋಗಿದೆ. ಅಲುಗಿಸಿ ನೋಡಿದೆ, ಎಡ ಕ್ರ್ಯಾಂಕ್ ಒಂದೇ ಆಡುತ್ತದೆ. ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಒಳಗೆ ಒಂದೇ ದೊಡ್ಡ ಅಲೆನ್ ಬೋಲ್ಟ್ ಇದೆ. ಎಷ್ಟು ಬಿಗಿ ಮಾಡಬೇಕು? ಬಿಗಿತ ಅಳೆಯುವ ಟಾರ್ಕ್ ಪಾನಾ ನನ್ನ ಹತ್ತಿರ ಇಲ್ಲ.

ಉದ್ಯಮಬಾಗ್ ಫಿಟ್ಟರ್ (ಬೆಳಗಾವಿ):

ಅದು ಸಾಮಾನ್ಯವಾಗಿ 8 ನಂಬರ್ ಅಲೆನ್. ಕೆಲವಕ್ಕೆ 14 ನಂಬರ್ ಸಾಕೆಟ್ ಬೇಕಾಗುತ್ತದೆ. ಬೋಲ್ಟ್ ಪೂರ್ತಿ ಹೊರಗೆ ತೆಗೆದು ಥ್ರೆಡ್‌ಗೆ ಗ್ರೀಸ್ ಹಚ್ಚಿ ವಾಪಸ್ ಹಾಕಿ. ಈ ಬೋಲ್ಟ್‌ಗೆ ಎರಡೂ ಕಡೆ ಸಾದಾ ಥ್ರೆಡ್ಡೇ, ಉಲ್ಟಾ ಇಲ್ಲ.

ಪೆಡಲ್‌ಗೂ ಈ ಬೋಲ್ಟ್‌ಗೂ 35ರಿಂದ 40 ನ್ಯೂಟನ್ ಮೀಟರ್ ಬೇಕು. ಅಳೆಯಲು ಹೀಗೆ ಮಾಡಿ: 20 ಸೆಂಟಿಮೀಟರ್ ಉದ್ದದ ಪಾನಾ ಅಡ್ಡಕ್ಕೆ ನಿಂತಿದೆ, ಅದರ ತುದಿಗೆ ಕುಡಿಯುವ ನೀರಿನ 20 ಲೀಟರ್ ಕ್ಯಾನ್ ತೂಗುಬಿಟ್ಟಿದ್ದೀರಿ ಅಂದುಕೊಳ್ಳಿ. ಅಷ್ಟು ಭಾರ ಕೈಯಿಂದ ಬೀಳಲಿ. ಸಣ್ಣ ಅಲೆನ್ ಕೀಯಲ್ಲಿ ಇದು ಆಗುವುದಿಲ್ಲ, ಉದ್ದ ಹಿಡಿಯದ್ದು ತನ್ನಿ.

ಮೊದಲ ಕೆಲವು ಸವಾರಿ ಆದ ಮೇಲೆ ಒಮ್ಮೆ ಮತ್ತೆ ನೋಡಿ, ಕೂತುಕೊಂಡ ಮೇಲೆ ಸ್ವಲ್ಪ ಸಡಿಲ ಆಗಿರುತ್ತದೆ. ಅಲ್ಲಿಗೆ ಮುಗಿಯಿತು. ವಾರವಾರ ಸುಮ್ನೆ ಇನ್ನೊಂದು ಚೂರು ಅಂತ ಬಿಗಿ ಮಾಡುತ್ತಾ ಹೋಗಬೇಡಿ, ಚೌಕ ಆಕ್ಸಲ್ ಬೆಣೆಯಾಗಿ ಒಳಗೆ ಹೋಗಿ ಕ್ರ್ಯಾಂಕ್ ಸೀಳುತ್ತದೆ.

ಓದುತ್ತಿರುವ ಬೇರೆಯವರಿಗೆ: ನಿಮ್ಮ ಎಡ ಕ್ರ್ಯಾಂಕ್‌ನಲ್ಲಿ ಒಂದು ದೊಡ್ಡ ಬೋಲ್ಟ್ ಬದಲು ಪಕ್ಕದಲ್ಲಿ ಎರಡು ಸಣ್ಣ 5 ನಂಬರ್ ಬೋಲ್ಟ್ ಇದ್ದರೆ ಈ ಲೆಕ್ಕ ಹಾಕಬೇಡಿ. ಶಿಮಾನೋ ಕಂಪನಿಯ ಆ ಜಾತಿಗೆ 12ರಿಂದ 14 ನ್ಯೂಟನ್ ಮೀಟರ್ ಸಾಕು, ಎರಡನ್ನೂ ಒಂದಾದ ಮೇಲೆ ಒಂದು ಸ್ವಲ್ಪ ಸ್ವಲ್ಪವೇ ಬಿಗಿಯಬೇಕು.

ಎರೆಹೊಲ (ಬಾಗಲಕೋಟೆ):

ಮಳೆಗಾಲದ ಮಾತೂ ಸೇರಿಸುತ್ತೇನೆ. ನಮ್ಮ ಎರೆ ಮಣ್ಣು ಒಮ್ಮೆ ಪೆಡಲ್‌ಗೂ ಕ್ರ್ಯಾಂಕ್ ಸಂದಿಗೂ ಮೆತ್ತಿತು ಅಂದರೆ ಒಣಗಿ ಕಲ್ಲಾಗುತ್ತದೆ. ಅದನ್ನು ತೆಗೆಯಲು ವಾಟರ್ ಸರ್ವಿಸ್‌ನ ಜೋರು ಪೈಪ್ ಹಿಡಿಯಬೇಡಿ, ನೀರು ಬೇರಿಂಗ್ ಒಳಗೆ ನುಗ್ಗಿ ಗ್ರೀಸ್ ತೊಳೆದುಬಿಡುತ್ತದೆ. ಬಕೆಟ್ ನೀರು, ಹಳೇ ಬ್ರಶ್, ಒಣ ಬಟ್ಟೆ ಸಾಕು.

ವರ್ಷಕ್ಕೆ ಒಮ್ಮೆಯಾದರೂ ಪೆಡಲ್ ಬಿಚ್ಚಿ ಥ್ರೆಡ್ ಒರೆಸಿ ಹೊಸ ಗ್ರೀಸ್ ಹಚ್ಚಿ. ಉಕ್ಕು, ಅಲ್ಯೂಮಿನಿಯಂ, ನೀರು ಮೂರೂ ಸೇರಿದರೆ ತುಕ್ಕು ಹಿಡಿದು ಎರಡೂ ಅಂಟಿಕೊಳ್ಳುತ್ತವೆ. ಬಿಚ್ಚುವಾಗ ಚೈನ್ ಅನ್ನು ಕ್ರ್ಯಾಂಕ್ ಪಕ್ಕದ ದೊಡ್ಡ ಹಲ್ಲುಚಕ್ರಕ್ಕೆ ಹಾಕಿಕೊಳ್ಳಿ. ಇಲ್ಲದಿದ್ದರೆ ಪಾನಾ ಜಾರಿದಾಗ ಕೈ ನೇರ ಅದರ ಹಲ್ಲಿನ ಮೇಲೆ ಹೋಗುತ್ತದೆ.

ಫಿಟ್ಟರ್ ಅವರೇ, ಚೌಕ ಆಕ್ಸಲ್‌ನ ಮೈಗೂ ಗ್ರೀಸ್ ಹಚ್ಚಬೇಕಾ?

ಉದ್ಯಮಬಾಗ್ ಫಿಟ್ಟರ್ (ಬೆಳಗಾವಿ):

ಅದರಲ್ಲಿ ಎರಡು ಪಕ್ಷ ಇವೆ. ಹಚ್ಚಿದರೆ ಕಿರುಗುಟ್ಟುವುದಿಲ್ಲ ಅನ್ನುವವರಿದ್ದಾರೆ, ಹಚ್ಚಿದರೆ ಕ್ರ್ಯಾಂಕ್ ಜಾಸ್ತಿ ಒಳಗೆ ಹೋಗುತ್ತದೆ ಅನ್ನುವವರೂ ಇದ್ದಾರೆ. ನಾನು ಒರೆಸಿ ಒಣಗಿಸಿಯೇ ಹಾಕುತ್ತೇನೆ. ಬೋಲ್ಟ್‌ಗೆ ಮಾತ್ರ ಗ್ರೀಸ್ ತಪ್ಪಿಸುವುದಿಲ್ಲ.

ಭೂತನಾಳ ಸವಾರಿ (ವಿಜಯಪುರ):

ಉದ್ದ ಹಿಡಿಯ ಅಲೆನ್ ತಂದು ಬಿಗಿ ಮಾಡಿದೆ, ಈಗ ಆಡುವುದು ಪೂರ್ತಿ ನಿಂತಿದೆ. ಕೊನೆಯ ಪ್ರಶ್ನೆ. ಮಗನ ಸಣ್ಣ ಸೈಕಲ್‌ನ ಪೆಡಲ್ ಒಡೆದಿದೆ. ದೊಡ್ಡ ಸೈಕಲ್‌ದೇ ಒಂದು ಜೊತೆ ಅದಕ್ಕೂ ತರಬಹುದಾ?

ಕೃಷ್ಣಾ ತೀರ (ಜಮಖಂಡಿ):

ಮೊದಲು ಅದರ ಕ್ರ್ಯಾಂಕ್ ನೋಡಿ. ಎರಡೂ ಕಡೆಯ ಕ್ರ್ಯಾಂಕ್ ಒಂದೇ ಕಬ್ಬಿಣದ ಸರಳು ಬಗ್ಗಿಸಿ ಮಾಡಿದ್ದಾಗಿದ್ದರೆ ತೂತು 1/2 ಇಂಚು. ನಿಮ್ಮ ಹೊಸ ಸೈಕಲ್‌ನದು 9/16 ಇಂಚು. ಒಂದಕ್ಕೊಂದು ಹೊಂದುವುದಿಲ್ಲ. ಒಡೆದ ಪೆಡಲ್ ಬಿಚ್ಚಿ ಜೇಬಲ್ಲಿ ಹಾಕಿಕೊಂಡು ಹೋಗಿ, ಅಂಗಡಿಯಲ್ಲಿ ಆಕ್ಸಲ್ ಪಕ್ಕಕ್ಕೆ ಆಕ್ಸಲ್ ಹಿಡಿದು ನೋಡಿ ತೆಗೆದುಕೊಳ್ಳಿ.